ನಾಡಧ್ವಜಕ್ಕೆ ಎರಡೇ ಬಣ್ಣ ಸಾಕು

ರಾಣೆಬೆನ್ನೂರಿನ ಆಟೊಗಳಿಂದ ಹಿಡಿದು ಬ್ಯಾಡಗಿಯ ಮೆಣಸಿನಕಾಯಿ ಹೊತ್ತ ಲಾರಿಗಳವರೆಗೆ, ನವೆಂಬರ್ ಬಂತೆಂದರೆ ಹಾರುವುದು ಹಳದಿ–ಕೆಂಪು ಬಾವುಟ. ಇದನ್ನು ಕಟ್ಟಿ ಎಂದು ಅವರಿಗೆ ಯಾರೂ ಆದೇಶ ಕೊಟ್ಟಿಲ್ಲ. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅನಾವರಣ ಮಾಡಿದ ಬಾವುಟ ಬೇರೆಯೇ ಇದೆ. ಅದು ಹಳದಿ, ಬಿಳಿ, ಕೆಂಪು. ನಡುವೆ ಗಂಡಭೇರುಂಡದ ರಾಜ್ಯ ಲಾಂಛನ. ಅದನ್ನು ಕಟ್ಟಿಕೊಂಡ ಆಟೊ ನನ್ನ ಕಣ್ಣಿಗೆ ಬಿದ್ದಿಲ್ಲ.

ಬಾವುಟಕ್ಕೆ ಕಾನೂನಿನ ಮಾನ್ಯತೆ ಬೇಕೆಂದು ಸರ್ಕಾರದ ಬಾಗಿಲು ತಟ್ಟಿದವರಲ್ಲಿ ಮುಖ್ಯರು ಹಾವೇರಿ ನೆಲದವರೇ ಆದ ಪಾಟೀಲ ಪುಟ್ಟಪ್ಪ, ಅಂದರೆ ‘ಪಾಪು’. ಹುಟ್ಟಿದ್ದು ಕುರಬಗೊಂಡದಲ್ಲಿ, ಬೆಳೆದದ್ದು ಹಲಗೇರಿಯಲ್ಲಿ. ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾಗಿದ್ದ ಪಾಪು, ತೊಂಬತ್ತು ದಾಟಿದ ಮೇಲೂ ಈ ಬೇಡಿಕೆ ಬಿಡಲಿಲ್ಲ. ಅವರದೂ ಸೇರಿದಂತೆ ಬಂದ ಮನವಿಗಳ ಮೇಲೆ 2017ರಲ್ಲಿ ಸಿದ್ದರಾಮಯ್ಯ ಸರ್ಕಾರ ಒಂಬತ್ತು ಮಂದಿಯ ಸಮಿತಿ ರಚಿಸಿತು. ಸಮಿತಿಯ ಬಾವುಟ ದೆಹಲಿಗೆ ಹೋಯಿತು, ಒಪ್ಪಿಗೆ ಬರಲಿಲ್ಲ. 2020ರ ಮಾರ್ಚ್‌ನಲ್ಲಿ ಪಾಪು ತೀರಿಕೊಂಡರು.

ಜನ ಹಾರಿಸುವ ಬಾವುಟ ಹುಟ್ಟಿದ ಬಗೆಯೇ ಬೇರೆ. ಅರವತ್ತರ ದಶಕದ ಬೆಂಗಳೂರಿನಲ್ಲಿ ಕನ್ನಡ ಮೂಲೆಗೆ ಸರಿದಿತ್ತು. ಕನ್ನಡಿಗರಿಗೆ ತಮ್ಮದೆಂದು ಹಿಡಿಯಲು ಬಾವುಟವಿರಲಿಲ್ಲ. ಆಗ ಪತ್ರಕರ್ತ, ಚಳವಳಿಗಾರ ಮ. ರಾಮಮೂರ್ತಿ ಅರಿಸಿನ–ಕುಂಕುಮದ ಬಣ್ಣಗಳನ್ನು ಆರಿಸಿದರು. ಮನೆಯ ಹೊಸ್ತಿಲ ಮೇಲೆ ದಿನವೂ ಕಾಣುವ ಬಣ್ಣಗಳು ಬೀದಿಗೆ ಬಂದವು. ಅರ್ಥ ವಿವರಿಸುವ ಅಗತ್ಯವೇ ಬೀಳಲಿಲ್ಲ. 1967ರಲ್ಲಿ, ಬಾವಿ ತೋಡಿಸುವಾಗ ನಡೆದ ದುರಂತದಲ್ಲಿ ರಾಮಮೂರ್ತಿ ಇಬ್ಬರು ಮಕ್ಕಳೊಂದಿಗೆ ತೀರಿಹೋದರು. ಬಾವುಟ ಉಳಿಯಿತು, ಬೀದರಿನಿಂದ ಚಾಮರಾಜನಗರದವರೆಗೆ ಹಬ್ಬಿತು.

ಗಂಡಭೇರುಂಡ ನಮ್ಮದಲ್ಲ ಎನ್ನುತ್ತಿಲ್ಲ. ಹಿರೇಕೆರೂರಿನಿಂದ ಅಷ್ಟೇನೂ ದೂರವಿಲ್ಲದ ಬಳ್ಳಿಗಾವೆಯಲ್ಲಿ 11ನೇ ಶತಮಾನದ ಗಂಡಭೇರುಂಡ ಸ್ತಂಭ ಇಂದಿಗೂ ನಿಂತಿದೆ. ಆದರೆ ರಾಜ್ಯ ಲಾಂಛನ ಎಂದರೆ ಜನರಿಗೆ ನೆನಪಾಗುವುದು ಸರ್ಕಾರಿ ಕಾಗದ. ಹಳದಿ–ಕೆಂಪು ಬಟ್ಟೆಯನ್ನು ಹಳ್ಳಿಯ ಯಾವ ದರ್ಜಿಯಾದರೂ ಅರ್ಧ ಗಂಟೆಯಲ್ಲಿ ಹೊಲಿದು ಕೊಡುತ್ತಾನೆ, ಶಾಲೆಯ ಮಗು ಎರಡು ಕ್ರೇಯಾನಿನಲ್ಲಿ ಬರೆಯುತ್ತದೆ. ಬಿಳಿ ಪಟ್ಟಿ, ಲಾಂಛನ ಸೇರಿದಾಗ ಬಾವುಟ ಜನರ ಕೈಯಿಂದ ಕಚೇರಿಯ ಕೈಗೆ ಹೋಯಿತು. ಅಲ್ಲೇ ಎಡವಿದೆವು.

ಪ್ರತ್ಯೇಕ ಬಾವುಟ ದೇಶದ ಏಕತೆಗೆ ಧಕ್ಕೆ ಎನ್ನುವವರಿಗೆ ಹಾವೇರಿ ಜಿಲ್ಲೆಯೇ ಉತ್ತರ. ಗಾಂಧೀಜಿಯೊಂದಿಗೆ ದಂಡಿಗೆ ನಡೆದ ಮೈಲಾರ ಮಹದೇವಪ್ಪ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅವರನ್ನು ಎದೆಯಲ್ಲಿಟ್ಟುಕೊಂಡ ಜನರೇ ನವೆಂಬರಿನಲ್ಲಿ ಹಳದಿ–ಕೆಂಪು ಕಟ್ಟುತ್ತಾರೆ. ತ್ರಿವರ್ಣಕ್ಕಿಂತ ಕೆಳಗೆ ಹಾರಬೇಕು ಎಂಬುದರಲ್ಲಿ ಅವರಿಗೆ ತಕರಾರಿಲ್ಲ. ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ ಎಂಬ ಅರ್ಥದ ಮಾತು ಸುಪ್ರೀಂ ಕೋರ್ಟಿನ 1994ರ ತೀರ್ಪಿನಲ್ಲಿದೆ. ಆ ಮೊಕದ್ದಮೆಗೆ ಹೆಸರು ಕೊಟ್ಟ ಎಸ್.ಆರ್. ಬೊಮ್ಮಾಯಿ ಕೂಡ ಈ ಜಿಲ್ಲೆಯವರೇ, ಕಾರಡಗಿಯವರು.

ಮಾನ್ಯತೆ ಇಲ್ಲದ್ದರಿಂದ ಆಗುತ್ತಿರುವ ನೋವೂ ಇದೆ. ರಾಷ್ಟ್ರಧ್ವಜಕ್ಕೆ ಸಂಹಿತೆ ಇದೆ, ನಾಡಧ್ವಜಕ್ಕಿಲ್ಲ. ಡಿಸೆಂಬರಿನಲ್ಲೂ ಕಂಬಗಳ ಮೇಲೆ ಬಣ್ಣಗೆಟ್ಟು ಚಿಂದಿಯಾದ ಬಾವುಟ ನೇತಾಡುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಸರ್ಕಾರ 2018ರ ವಿನ್ಯಾಸವನ್ನು ಹಿಂದಕ್ಕೆ ಪಡೆಯಲಿ. ಜನ ಈಗಾಗಲೇ ಒಪ್ಪಿದ ಎರಡು ಬಣ್ಣದ ಬಾವುಟವನ್ನು ಉಭಯ ಸದನಗಳ ಮುಂದಿಟ್ಟು, ಸರಳ ನಿಯಮಗಳೊಂದಿಗೆ ಅಂಗೀಕರಿಸಿ, ಮತ್ತೆ ದೆಹಲಿಗೆ ಕಳಿಸಲಿ. ಅಲ್ಲಿಯವರೆಗೆ ನವೆಂಬರ್ ಮುಗಿದ ಮೇಲೆ ನಿಮ್ಮ ಓಣಿಯ ಕಂಬದ ಬಾವುಟವನ್ನು ಇಳಿಸಿ, ಮಡಚಿ, ಒಳಗಿಡಿ.