ನಮ್ಮೂರ ಸಣ್ಣ ಜೀವಗಳು – 6 | ಕುಂಬಾರ ಕಪ್ಪೆಗೆ ಲೈಕು, ನಮ್ಮ ಹಳ್ಳಕ್ಕೆ ಮಣ್ಣು?

ಮಳೆಗಾಲ ಶುರುವಾದ್ರೆ ಸಾಕು, ಎಲ್ಲರ ಫೀಡ್ ತುಂಬಾ ಮಲೆನಾಡೇ. ಆಗುಂಬೆ, ಜೋಗ, ನಡುವೆ ಒಂದೆರಡು ಕಪ್ಪೆ ರೀಲ್ಸು. ನಾನೂ ಲೈಕ್ ಒತ್ತುತ್ತೀನಿ, ತಪ್ಪೇನಿಲ್ಲ. ಆದ್ರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಗೆಳೆಯರೇ, ನಿಮಗೊಂದು ಮಾತು ಹೇಳಬೇಕು. ಕಪ್ಪೆ ಮೇಲಿನ ಪ್ರೀತಿ ಘಟ್ಟಕ್ಕೆ ಮಾತ್ರ ಮೀಸಲಾದ್ರೆ ಅದು ಟೂರಿಸ್ಟ್ ಪ್ರೀತಿ ಅಷ್ಟೇ.

ಮೊದಲು ಘಟ್ಟದ ಕಥೆನೇ ಕೇಳಿ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಒಂದು ಕಪ್ಪೆ ಇದೆ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದನ್ನು ಹೊಸ ಪ್ರಭೇದ ಅಂತ ವಿವರಿಸಿ ‘ನಿಕ್ಟಿಬಟ್ರಾಕಸ್ ಕುಂಬಾರ’ ಅಂತ ಹೆಸರಿಟ್ಟರು. ಯಾಕೆ ಕುಂಬಾರ? ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ತೊರೆಯ ತಳದಿಂದ ಕೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತೆ, ಥೇಟ್ ಮಡಕೆ ಮಾಡೋರ ಹಾಗೆ. ಮೊಟ್ಟೆ ಒಣಗದ ಹಾಗೆ, ತಿನ್ನೋರ ಕಣ್ಣಿಗೆ ಬೀಳದ ಹಾಗೆ ಕಾಯೋಕೆ ಇರಬಹುದು ಅನ್ನೋದು ಸಂಶೋಧಕರ ಊಹೆ.

ಇನ್ನೊಂದು, ಕೊಟ್ಟಿಗೆಹಾರದ ಕುಣಿಯೋ ಕಪ್ಪೆ. ಹರಿಯೋ ನೀರಿನ ಸದ್ದಲ್ಲಿ ಕೂಗು ಮುಳುಗಿ ಹೋಗುತ್ತೆ. ಅದಕ್ಕೇ ಗಂಡು ಹಿಂಗಾಲು ಚಾಚಿ ಬೀಸಿ, ‘ಇದು ನನ್ನ ಜಾಗ’ ಅಂತ ತೋರಿಸುತ್ತೆ. ಇದನ್ನ 1937ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರೊಫೆಸರ್ ಸಿ.ಆರ್. ನಾರಾಯಣ ರಾವ್.

ಸರಿ, ನಮ್ಮ ಕಡೆ ಏನಿದೆ? ನೇರವಾಗಿ ಹೇಳ್ತೀನಿ: 2020ರಲ್ಲಿ ಬೆಂಗಳೂರಿನ ಹೊರವಲಯದಿಂದಲೇ ಒಂದು ಹೊಸ ಕಪ್ಪೆ ವಿಜ್ಞಾನದ ಪಟ್ಟಿ ಸೇರಿತು. ಹೆಸರು ‘ಸ್ಫೇರೋಥೀಕಾ ಬೆಂಗಳೂರು’! ಇದು ತೊರೆಯ ಕಪ್ಪೆ ಅಲ್ಲ, ನೆಲ ಅಗೆಯೋ ಕಪ್ಪೆ. ಹಿಂಗಾಲಲ್ಲಿ ಗುದ್ದಲಿಯಂಥ ಗಟ್ಟಿ ಗಂಟು ಇರುತ್ತೆ. ಅದರಲ್ಲಿ ಮಣ್ಣು ತೋಡಿ ವರ್ಷದ ಬಹುಪಾಲು ಒಳಗೇ ಇದ್ದು, ಮಳೆ ಬಿದ್ದಾಗ ಮೇಲೆ ಬಂದು ನಿಂತ ನೀರಲ್ಲಿ ಮೊಟ್ಟೆ ಇಡುತ್ತೆ. ಅದಕ್ಕೆ ಬೇಕಿರೋದು ದಟ್ಟ ಕಾಡಲ್ಲ. ಬೀಳು ಹೊಲ, ಹಳ್ಳದ ಅಂಚು, ಮಳೆ ನೀರು ನಿಲ್ಲೋ ಗುಂಡಿ. ಅಂದ್ರೆ ‘ಖಾಲಿ ಬಿದ್ದಿದೆ, ಸೈಟ್ ಮಾಡಬಹುದು’ ಅಂತ ನಾವು ತೋರಿಸೋ ಜಾಗ!

ಸಮಸ್ಯೆ ಶುರುವಾಗೋದೇ ಈ ಮಾತಿಂದ. ಪಹಣಿಯಲ್ಲಿ ಹಳ್ಳ, ಕಾಲುವೆ ಜಾಗಕ್ಕೆ ‘ಬಿ ಖರಾಬು’ ಅಂತಾರೆ. ಉಳುಮೆಗೆ ಬರಲ್ಲ, ಸಾರ್ವಜನಿಕರದು ಅನ್ನೋದಷ್ಟೇ ಅದರ ಅರ್ಥ. ನಮ್ಮ ಕಿವಿಗೆ ಮಾತ್ರ ‘ಕೆಟ್ಟ ಜಾಗ, ಕೇಳೋರಿಲ್ಲ’ ಅಂತ ಕೇಳಿಸುತ್ತೆ. ಕಟ್ಟಡದ ಕಸ ಬಂದು ಬೀಳೋದು ಅಲ್ಲಿಗೇ, ಒಂದಿನ ಮುಚ್ಚಿ ಹೋಗೋದೂ ಅದೇ.

ಆದ್ರೆ ಆ ಸಣ್ಣ ಹಳ್ಳಗಳೇ ಸೇರಿ ಹೊಳೆ ಆಗೋದು. ನಂದಿ ಬೆಟ್ಟದಲ್ಲಿ ಹುಟ್ಟೋ ಅರ್ಕಾವತಿ, ಶಿವಗಂಗೆಯಲ್ಲಿ ಹುಟ್ಟೋ ಕುಮುದ್ವತಿ ಎರಡೂ ತಿಪ್ಪಗೊಂಡನಹಳ್ಳಿಯಲ್ಲಿ ಸೇರ್ತವೆ. 1890ರ ದಶಕದಿಂದ ಹೆಸರಘಟ್ಟದ ಕೆರೆ, 1930ರ ದಶಕದಿಂದ ತಿಪ್ಪಗೊಂಡನಹಳ್ಳಿ ಜಲಾಶಯ ಬೆಂಗಳೂರಿಗೆ ನೀರು ಕುಡಿಸಿದ್ದು ಈ ಹೊಳೆಗಳಿಂದಲೇ. ಹಳ್ಳ ಮುಚ್ಚಿದ್ರೆ ಕಪ್ಪೆ ಮೊದಲು ಹೋಗುತ್ತೆ, ಹಿಂದೆನೇ ನಮ್ಮ ಬೋರ್‌ವೆಲ್ಲು.

ಕಪ್ಪೆಯೇ ಮೊದಲು ಯಾಕೆ? ಅದು ಚರ್ಮದ ಮೂಲಕವೂ ಉಸಿರಾಡುತ್ತೆ. ನೀರಲ್ಲಿ ಕರಗಿದ ಕೆಮಿಕಲ್ಲು ಆ ತೆಳು ಚರ್ಮ ದಾಟಿ ಒಳಗೆ ಹೋಗುತ್ತೆ. ಗೊದಮೊಟ್ಟೆಗಂತೂ ನೀರು ಬಿಟ್ಟು ಓಡೋಕೆ ಕಾಲೇ ಇಲ್ಲ. 2023ರ ಜಾಗತಿಕ ಸಮೀಕ್ಷೆ ಪ್ರಕಾರ ಉಭಯವಾಸಿಗಳಲ್ಲಿ ಸುಮಾರು 41% ಪ್ರಭೇದಗಳು ಅಳಿವಿನ ಅಂಚಿಗೆ ಬಂದಿವೆ.

‘ಕಪ್ಪೆಗೋಸ್ಕರ ಊರು ಬೆಳೀಬಾರ್ದಾ?’ ಅಂತ ಕಾಮೆಂಟ್ ಹಾಕೋರು ಇದ್ದೀರ, ಗೊತ್ತು. ಬೆಳೀಲಿ. ನಮ್ಮನೆಯವರಿಗೂ ಕೆಲಸ ಬೇಕು, ನಮಗೂ ಮನೆ ಬೇಕು. ಕೇಳ್ತಿರೋದು ಒಂದೇ: ಹಳ್ಳದ ಜಾಗ ಹಳ್ಳಕ್ಕೆ ಬಿಡಿ. ಮುಚ್ಚಿದ ಹಳ್ಳ ಸುಮ್ಮನಿರಲ್ಲ, ಜೋರು ಮಳೆಗೆ ಲೇಔಟಿನ ಒಳಗೇ ಹುಡುಕಿಕೊಂಡು ಬರುತ್ತೆ.

ನಾವು ಸ್ಟೂಡೆಂಟ್ಸ್ ಏನು ಮಾಡಬಹುದು?

🐸 ದಿಶಾಂಕ್ ಆ್ಯಪಲ್ಲಿ ನಿಮ್ಮೂರ ಹಳ್ಳ ಎಲ್ಲಿ ಹೋಗುತ್ತೆ ನೋಡಿ. ನಕ್ಷೆಯಲ್ಲಿದ್ದು ನೆಲದಲ್ಲಿ ಇಲ್ಲ ಅಂದ್ರೆ ಗ್ರಾಮಸಭೆಯಲ್ಲಿ ಕೇಳಿ. ಮನೆಯ ದೊಡ್ಡವರನ್ನ ಜೊತೆಗೆ ಕರ್ಕೊಂಡು ಹೋದ್ರೆ ಮಾತಿಗೆ ತೂಕ ಬರುತ್ತೆ.

🐸 ಮೊದಲ ಮಳೆಯ ರಾತ್ರಿ ‘ವಟವಟ’ ಕೇಳಿಸಿದ್ರೆ ಫೋನಲ್ಲಿ ರೆಕಾರ್ಡ್ ಮಾಡಿ, ಜಾಗ, ತಾರೀಖಿನ ಜೊತೆ ಐನ್ಯಾಚುರಲಿಸ್ಟಿಗೆ ಹಾಕಿ. ‘ಇಲ್ಲಿ ಏನೂ ಇರಲಿಲ್ಲ’ ಅಂದವರಿಗೆ ಅದೇ ಉತ್ತರ.

🐸 ಫೋಟೋಗೋಸ್ಕರ ಹಿಡಿಬೇಡಿ, ಮುಖಕ್ಕೆ ಫ್ಲ್ಯಾಶ್ ಬಿಡಬೇಡಿ. ನಿಮ್ಮ ಕೈಯ ಸ್ಯಾನಿಟೈಸರೂ ಅದಕ್ಕೆ ವಿಷವೇ.

ಮಳೆ ಕೈಕೊಟ್ಟಾಗ ಕಪ್ಪೆಗೆ ಮದುವೆ ಮಾಡಿಸೋ ನಾಡು ನಮ್ಮದು. ಅರಿಶಿನ, ಹೂವು, ವಾಲಗ ಎಲ್ಲಾ ಇರುತ್ತೆ. ಮದುವೆ ಆದ ಜೋಡಿಗೆ ಇರೋಕೆ ಒಂದು ಹಳ್ಳನಾದ್ರೂ ಉಳಿಸೋದು ಬೇಡ್ವಾ?

ನಿಮ್ಮೂರ ಹಳ್ಳದ ಹೆಸರೇನು? ಈಗಲೂ ಕಪ್ಪೆ ಕೂಗುತ್ತಾ? ಕಾಮೆಂಟಲ್ಲಿ ಬರೀರಿ. ಹೆಸರು ಗೊತ್ತಿಲ್ಲದಿದ್ರೆ ಅಜ್ಜಿ ತಾತನ್ನ ಕೇಳಿ ಬನ್ನಿ, ಕಾಯ್ತೀನಿ.

#ನಮ್ಮೂರಸಣ್ಣಜೀವಗಳು #ಕಪ್ಪೆ #ಹಳ್ಳಉಳಿಸಿ #ದೊಡ್ಡಬಳ್ಳಾಪುರ #ದೇವನಹಳ್ಳಿ #ಹೊಸಕೋಟೆ #ನೆಲಮಂಗಲ