ಸಂಸತ್ತಿಲ್ಲದ ಕುವೈತ್ ಮತ್ತು ಶೂರಾದ ಪ್ರಶ್ನೆ

ಮುಸ್ಲಿಮ್ ರಾಷ್ಟ್ರವೊಂದರ ದೊರೆಯನ್ನು ಟೀಕಿಸಿದೊಡನೆ ಇಸ್ಲಾಮನ್ನೇ ಟೀಕಿಸಿದಂತಾಯಿತೆಂದು ಭಾವಿಸುವವರು ನಮ್ಮಲ್ಲಿ ಈಗಲೂ ಇದ್ದಾರೆ. ಅರಬ್ ಅರಸೊತ್ತಿಗೆಗಳೆಲ್ಲ ಒಂದೇ ಅಚ್ಚಿನವೆಂದು ತೀರ್ಪು ನೀಡುವ ಮಾಧ್ಯಮಗಳಿಗೂ ಕೊರತೆಯಿಲ್ಲ. ಈ ಎರಡೂ ವರ್ಗದವರು ಕುವೈತಿನ ಆಡಳಿತ ವ್ಯವಸ್ಥೆಯನ್ನೊಮ್ಮೆ ಗಮನಿಸುವುದು ಒಳ್ಳೆಯದು.

1962ರ ಸಂವಿಧಾನದ ಪ್ರಕಾರ ಕುವೈತ್, ಮುಬಾರಕ್ ಅಸ್ಸಬಾಹ್‌ರ ಸಂತತಿಯವರು ಆಳುವ ರಾಷ್ಟ್ರ. ಪ್ರಧಾನಿಯನ್ನು ನೇಮಿಸುವವರು ಅಮೀರರು. ರಾಜಕೀಯ ಪಕ್ಷಗಳಿಗೆ ಕಾನೂನಿನ ಮಾನ್ಯತೆಯಿಲ್ಲ. ಹಾಗೆಂದು 50 ಮಂದಿ ಚುನಾಯಿತ ಸದಸ್ಯರ ಸಂಸತ್ತು ಬರೀ ಅಲಂಕಾರದ ವಸ್ತುವಾಗಿರಲಿಲ್ಲ. ಸಚಿವನು ರಾಜಮನೆತನದವನೇ ಆಗಿರಲಿ, ಆತನನ್ನು ಸದನದಲ್ಲಿ ವಿಚಾರಣೆಗೊಳಪಡಿಸುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಇತ್ತು. ಯುವರಾಜನ ನೇಮಕಕ್ಕೂ ಸದನದ ಬಹುಮತದ ಒಪ್ಪಿಗೆ ಅಗತ್ಯವಾಗಿತ್ತು. 2006ರ ಜನವರಿಯಲ್ಲಿ ಅಮೀರ್ ಶೈಖ್ ಜಾಬಿರ್ ನಿಧನರಾದಾಗ ಉತ್ತರಾಧಿಕಾರಿ ಶೈಖ್ ಸಅದ್ ತೀವ್ರ ಅನಾರೋಗ್ಯದಿಂದ ಬಳಲುತ್ತಿದ್ದರು. ಜನವರಿ 24ರಂದು ಸಂಸತ್ತು ಮತ ಚಲಾಯಿಸಿ ಅವರನ್ನು ಅಧಿಕಾರದಿಂದ ಬಿಡುಗಡೆಗೊಳಿಸಿತು. ಅರಮನೆಯ ಸಮಸ್ಯೆಗೆ ಜನಪ್ರತಿನಿಧಿಗಳ ಸದನದಲ್ಲಿ ಪರಿಹಾರ ದೊರೆಯಿತು. ಅರಬ್ ಜಗತ್ತಿನಲ್ಲಿ ಇದೇನೂ ಸಣ್ಣ ಸಂಗತಿಯಲ್ಲ.

ಅದೇ ಸಂಸತ್ತಿಗೆ 2024ರ ಮೇ 10ರಂದು ಬೀಗ ಬಿದ್ದಿತು. ಏಪ್ರಿಲ್‌ನಲ್ಲಷ್ಟೇ ಚುನಾಯಿತರಾದವರು ಪ್ರಥಮ ಅಧಿವೇಶನಕ್ಕೆ ಸೇರುವ ಮುನ್ನವೇ ಅಮೀರ್ ಶೈಖ್ ಮಿಶ್‌ಅಲ್ ಸದನವನ್ನು ವಿಸರ್ಜಿಸಿದರು. ಗರಿಷ್ಠ ನಾಲ್ಕು ವರ್ಷಗಳ ಅವಧಿಗೆ ಸಂವಿಧಾನದ ಕೆಲವು ವಿಧಿಗಳನ್ನೂ ಅಮಾನತಿನಲ್ಲಿರಿಸಿದರು. ವಿಸರ್ಜನೆಯಾದ ಎರಡು ತಿಂಗಳೊಳಗೆ ಚುನಾವಣೆ ನಡೆಯಲೇಬೇಕೆನ್ನುವ 107ನೇ ವಿಧಿಯೂ ಅವುಗಳಲ್ಲೊಂದು. ಜೂನ್‌ನಲ್ಲಿ ನೂತನ ಯುವರಾಜನ ನೇಮಕವಾದಾಗ ಒಪ್ಪಿಗೆ ಕೇಳಲು ಸದನವೇ ಇರಲಿಲ್ಲ.

ಸದಸ್ಯರು ಮತ್ತು ಸಚಿವರ ನಿರಂತರ ಜಗಳದಿಂದ ಆಡಳಿತ ಸ್ಥಗಿತಗೊಂಡಿತ್ತೆಂಬುದು ಸಮರ್ಥಕರ ವಾದ. ಜಗಳವಿದ್ದುದು ನಿಜ. ಆದರೆ 1976 ಮತ್ತು 1986ರಲ್ಲಿಯೂ ಸದನವನ್ನು ಮುಚ್ಚಲಾಗಿತ್ತಲ್ಲ, ಅದರಿಂದ ಯಾವ ಸಮಸ್ಯೆ ಬಗೆಹರಿಯಿತು?

ಮೌನವೇ ನಿಷ್ಠೆಯೆಂದು ಬೋಧಿಸುವ ವಿದ್ವಾಂಸರಲ್ಲಿ ನಮಗೊಂದು ಪ್ರಶ್ನೆಯಿದೆ. ಹಝ್ರತ್ ಉಮರ್(ರ) ಮರಣಶಯ್ಯೆಯಲ್ಲಿ ಖಲೀಫರ ಆಯ್ಕೆಯನ್ನು ಆರು ಮಂದಿ ಸಹಾಬಿಗಳಿಗೆ ಒಪ್ಪಿಸಿದರು. ಸ್ವಂತ ಪುತ್ರ ಅಬ್ದುಲ್ಲಾರು ಸಲಹೆ ನೀಡಬಹುದು, ಪದವಿ ಪಡೆಯಕೂಡದೆಂದರು. ಶೂರಾದ ಈ ಪಾಠವನ್ನು ಮದ್ರಸಗಳಲ್ಲಿ ಕಲಿಸುವವರಿಗೆ ಕುವೈತಿನ ಬೀಗವೇಕೆ ಕಾಣಿಸುವುದಿಲ್ಲ? ಇಲ್ಲಿ, ಭಾರತದಲ್ಲಿ, ಸಂವಿಧಾನದ ಒಂದೊಂದು ವಿಧಿಯ ರಕ್ಷಣೆಗಾಗಿಯೂ ನ್ಯಾಯಾಲಯದ ಮೆಟ್ಟಿಲೇರುವ ನಾವು, ಅಲ್ಲಿ ವಿಧಿಗಳು ಅಮಾನತಾದಾಗ ಅದು ಅವರ ಮನೆವಾರ್ತೆಯೆಂದು ಸುಮ್ಮನಾಗುವುದು ಹೇಗೆ? ಕುವೈತಿನ ಅರಸರೇ ಹಾಕಿಕೊಂಡ ಗಡುವು 2028ರ ಮೇ ತಿಂಗಳಿಗೆ ಮುಗಿಯುತ್ತದೆ.