ಅಕ್ಕೋರು ಬರುವ ತನಕ ಹುಡುಗಿಯರು ಕಾಯಬೇಕೇ?

ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ ಬಸ್ ಹತ್ತಿದರೆ ಹುಬ್ಬಳ್ಳಿ ದೂರವೇನಲ್ಲ. 2003ರಿಂದ ಅಲ್ಲಿ ನೈಋತ್ಯ ರೈಲ್ವೆಯ ವಲಯ ಕಚೇರಿ ಇದೆ. ಆ ಕಚೇರಿಯಿಂದ ಆಗಾಗ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾದ ನೇಮಕಾತಿ ಪ್ರಕಟಣೆ ಹೊರಬೀಳುತ್ತದೆ. ಹುದ್ದೆಗಳು ಬೆರಳೆಣಿಕೆಯಷ್ಟು. ಅರ್ಜಿ ಹಾಕುವವರ ಬಳಿ ರಾಷ್ಟ್ರಪತಿ ಪುರಸ್ಕಾರ ಇರಬೇಕು, ಇಲ್ಲವೇ ಹಿಮಾಲಯನ್ ವುಡ್ ಬ್ಯಾಜ್ ಇರಬೇಕು, ವರ್ಷಗಟ್ಟಲೆ ಚಟುವಟಿಕೆಯಲ್ಲಿದ್ದ ದಾಖಲೆಯೂ ಬೇಕು. ರಾಷ್ಟ್ರಪತಿ ಪುರಸ್ಕಾರ ಒಂದು ಪರೀಕ್ಷೆ ಬರೆದು ಗಳಿಸುವಂಥದ್ದಲ್ಲ. ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ ದಾಟಿಕೊಂಡು ಅಲ್ಲಿಗೆ ಹೋಗಬೇಕು. ಐದನೆಯದೋ ಆರನೆಯದೋ ಇಯತ್ತೆಯಲ್ಲೇ ಸ್ಕೌಟ್-ಗೈಡ್ ಸ್ಕಾರ್ಫ್ ಕಟ್ಟಿಕೊಂಡವರಿಗೆ ಅದು ಸಲೀಸಾಗಿ ಎಟಕುತ್ತದೆ. ಆ ವಯಸ್ಸಿನಲ್ಲಿ ಸ್ಕಾರ್ಫೇ ಸಿಗದವಳು ಮುಂದೆ ಆ ಪ್ರಕಟಣೆ ಓದಿ ಮಾಡುವುದೇನು?

ಸ್ಕಾರ್ಫ್ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದೇ ನನ್ನ ತಕರಾರು. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯಲ್ಲಿ ಗಂಡುಮಕ್ಕಳದು ಸ್ಕೌಟ್ ಟ್ರೂಪ್, ಹೆಣ್ಣುಮಕ್ಕಳದು ಗೈಡ್ ಕಂಪನಿ. ಟ್ರೂಪನ್ನು ಸ್ಕೌಟ್ ಮಾಸ್ಟರ್ ನಡೆಸುತ್ತಾರೆ, ಕಂಪನಿಯನ್ನು ಗೈಡ್ ಕ್ಯಾಪ್ಟನ್ ನಡೆಸುತ್ತಾರೆ. ಕ್ಯಾಪ್ಟನ್ ಹೆಂಗಸೇ ಆಗಿರಬೇಕು, ತರಬೇತಿಯೂ ಆಗಿರಬೇಕು. ಶಾಲೆಯಲ್ಲಿ ತರಬೇತಿ ಆದವರು ಪಿ.ಟಿ. ಮಾಸ್ತರರೊಬ್ಬರೇ ಎಂದುಕೊಳ್ಳಿ. ಗಂಡುಹುಡುಗರು ಸಾಲಾಗಿ ನಿಂತು ಸೆಲ್ಯೂಟ್ ಕಲಿಯುತ್ತಾರೆ, ಅದೇ ತರಗತಿಯ ಹುಡುಗಿಯರು ಕಟ್ಟೆಯ ಮೇಲೆ ಕೂತು ನೋಡುತ್ತಾರೆ. ಹೆಣ್ಣುಮಕ್ಕಳನ್ನು ಬಿಟ್ಟುಬಿಡಿ ಎಂದು ಯಾರೂ ಆದೇಶ ಹೊರಡಿಸಿಲ್ಲ. ನಿಯಮ ತನ್ನ ಪಾಡಿಗೆ ತಾನು ಆ ಕೆಲಸ ಮಾಡುತ್ತಿರುತ್ತದೆ. ಮಿಶ್ರಿಕೋಟಿಯ ಯಾವುದೋ ಶಾಲೆಯನ್ನು ಬೊಟ್ಟು ಮಾಡಿ ಹೇಳುತ್ತಿಲ್ಲ. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಯಾವ ಊರಿಗೆ ಹಚ್ಚಿ ನೋಡಿದರೂ ಈ ಲೆಕ್ಕ ತಪ್ಪುವುದಿಲ್ಲ.

ಹಾಗಾದರೆ ಅಕ್ಕೋರಿಗೆ ತರಬೇತಿ ಕೊಡಿಸಿ ಎನ್ನುತ್ತೀರಿ. ಸರಿಯಾದ ಮಾತೇ. ಆದರೆ ಬೇಸಿಕ್ ಕೋರ್ಸು ಏಳು ದಿನದ ವಸತಿ ಶಿಬಿರ. ದಾವಣಗೆರೆ ಜಿಲ್ಲೆಯ ಕೊಂಡಜ್ಜಿಗೋ ದೊಡ್ಡಬಳ್ಳಾಪುರಕ್ಕೋ ಹೋಗಿ ಉಳಿಯಬೇಕು. ಮನೆಯಲ್ಲಿ ಎರಡು ವರ್ಷದ ಕೂಸು, ಹಾಸಿಗೆ ಹಿಡಿದ ಅತ್ತೆ ಇರುವ ಶಿಕ್ಷಕಿಗೆ ಏಳು ರಾತ್ರಿ ಹೊರಗಿರುವುದು ಎಷ್ಟು ಸುಲಭ ಎಂಬುದು ಅದನ್ನು ಗೊತ್ತುಪಡಿಸಿದವರಿಗೆ ಹೊಳೆದಂತಿಲ್ಲ. ಹಳ್ಳಿ ಶಾಲೆಗಳಲ್ಲಿ ಅತಿಥಿ ಶಿಕ್ಷಕಿಯರೂ ಇದ್ದಾರೆ. ಮುಂದಿನ ವರ್ಷ ಇದೇ ಶಾಲೆಯಲ್ಲಿ ಇರುತ್ತೇನೋ ಇಲ್ಲವೋ ಎಂದು ಅವರಿಗೇ ಗೊತ್ತಿರುವುದಿಲ್ಲ. ಇದ್ದೊಬ್ಬರು ತರಬೇತಿ ಮುಗಿಸಿ ಬಂದರೆ ವರ್ಗಾವಣೆ ಬರುತ್ತದೆ. ಅವರ ಜೊತೆ ಕಂಪನಿಯೂ ಊರು ಬಿಡುತ್ತದೆ.

ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ ಹುಡುಗಿಯರನ್ನು ಸೇರಿಸಿಕೊಳ್ಳುತ್ತೇವೆ ಎಂದು 2017ರ ಅಕ್ಟೋಬರಿನಲ್ಲಿ ಹೇಳಿದಾಗ ಅಲ್ಲಿ ದೊಡ್ಡ ಗದ್ದಲವಾಯಿತು. 2019ರ ಫೆಬ್ರುವರಿಯಲ್ಲಿ ಹುಡುಗಿಯರು ಟ್ರೂಪಿಗೆ ಬಂದರು. 2025ರ ಫೆಬ್ರುವರಿ 8ರಂದು ಹೆಸರಿನಿಂದ ‘ಬಾಯ್’ ಕೂಡ ಹೋಗಿ ಅದು ಸ್ಕೌಟಿಂಗ್ ಅಮೆರಿಕ ಆಯಿತು. ಆ ಸುದ್ದಿ ಓದಿದ ನಮ್ಮವರಿಗೆ ಒಂದು ನೆಮ್ಮದಿಯ ನಗು: ನಮ್ಮಲ್ಲಿ ಈ ರಗಳೆ ಯಾವಾಗಲೋ ಮುಗಿದಿದೆಯಲ್ಲ! ಮುಗಿದದ್ದು ಹೌದು, ಕಾಗದದ ಮೇಲೆ. 1950ರ ನವೆಂಬರ್ 7ರಂದು ಸ್ಕೌಟ್ ಸಂಸ್ಥೆಗಳು ಕೂಡಿದವು, 1951ರ ಆಗಸ್ಟ್ 15ರಂದು ಗರ್ಲ್ ಗೈಡ್ಸ್ ಸಂಸ್ಥೆಯೂ ಸೇರಿತು. ಹೆಸರು ಒಂದು, ಧ್ವಜ ಒಂದು, ಪ್ರತಿಜ್ಞೆಯೂ ಒಂದೇ. ಇದು ಸಣ್ಣ ಸಾಧನೆ ಅಲ್ಲ. ಆದರೆ ದಿಲ್ಲಿಯಲ್ಲಿ ಕೂಡಿದ್ದು ಹಳ್ಳಿ ಶಾಲೆಯ ಮೈದಾನದಲ್ಲಿ ಇನ್ನೂ ಬೇರೆ ಬೇರೆಯೇ ನಿಂತಿದೆ. ಅಮೆರಿಕದ ಹುಡುಗಿಗೆ ಬಾಗಿಲು ಮುಚ್ಚಿದೆ ಎಂದು ಬಾಯಿಬಿಟ್ಟು ಹೇಳಿದ್ದರು, ಅವಳು ಜಗಳ ತೆಗೆಯಬಹುದಿತ್ತು. ನಮ್ಮ ಹುಡುಗಿಗೆ ನಿನ್ನದೇ ಬಾಗಿಲು ಬೇರೆ ಇದೆ ಎನ್ನುತ್ತೇವೆ. ಜಗಳ ತೆಗೆಯುವುದಾದರೂ ಯಾರ ಮೇಲೆ?

ನನ್ನ ಬೇಡಿಕೆ ಇಷ್ಟೇ: ಗೈಡ್ ಕಂಪನಿ ಇಲ್ಲದ ಶಾಲೆಯಲ್ಲಿ ಹುಡುಗಿಯರನ್ನು ಇದ್ದ ಸ್ಕೌಟ್ ಟ್ರೂಪಿಗೇ ಸೇರಿಸಿಕೊಳ್ಳಿ. ಚೆನ್ನಾಗಿ ನಡೆಯುತ್ತಿರುವ ಕಂಪನಿಗಳನ್ನು ಮುಚ್ಚಿ ಎಂದು ನಾನು ಹೇಳುತ್ತಿಲ್ಲ.

ಇಷ್ಟು ಹೇಳಿದರೆ ಮೊದಲು ಬರುವ ಪ್ರಶ್ನೆ ಗೊತ್ತೇ ಇದೆ. “ಹೆಣ್ಣಹುಡುಗ್ರನ್ನ ಗಂಡಹುಡುಗ್ರ ಜೋಡಿ ಕ್ಯಾಂಪಿಗೆ ಹೆಂಗ ಕಳಸೂದ್ರೀ?” ಕೇಳುವವರನ್ನು ಹಳೇ ಕಾಲದವರು ಎಂದು ತಳ್ಳಿಹಾಕುವ ಪಟ್ಟಣದ ಚಾಳಿ ನನಗೆ ಸೇರುವುದಿಲ್ಲ. ಮಗಳ ರಾತ್ರಿಯ ಚಿಂತೆ ತಂದೆ-ತಾಯಿಯದೇ. ಆದರೆ ಅದೇ ಊರಿನವರು ಏನೇನನ್ನು ಒಪ್ಪಿದ್ದಾರೆ ಎಂಬುದನ್ನೂ ನೋಡಬೇಕು. ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಹುಡುಗ, ಹುಡುಗಿ ಇಬ್ಬರೂ ಒಂದೇ ಆವರಣದಲ್ಲಿ ವರ್ಷವಿಡೀ ಉಳಿದು ಓದುತ್ತಾರೆ. ಅಲ್ಲಿ ಸೀಟು ಸಿಕ್ಕರೆ ಮನೆಯಲ್ಲಿ ಪೇಢೆ ಹಂಚುತ್ತಾರೆ. 1969ರಿಂದ ಕಾಲೇಜುಗಳಲ್ಲಿ ಎನ್‌ಎಸ್‌ಎಸ್ ಇದೆ. ಅದರ ಏಳು ದಿನದ ವಿಶೇಷ ಶಿಬಿರ ನಮ್ಮಂಥ ಊರುಗಳಲ್ಲೇ ನಡೆಯುತ್ತದೆ, ಹುಡುಗ-ಹುಡುಗಿಯರು ಕೂಡಿಯೇ ಗಟಾರ ಬಳಿಯುತ್ತಾರೆ, ಗಿಡ ಹಚ್ಚುತ್ತಾರೆ, ಊರ ಹಿರಿಯರು ಬಂದು ಸಮಾರೋಪದ ಭಾಷಣ ಮಾಡುತ್ತಾರೆ. ಸ್ಕೌಟಿಂಗಿನ ಒಳಗೇ ಎಳೆಯ ಮಕ್ಕಳ ‘ಬನ್ನಿ’ ಹಂತದಲ್ಲಿ ಗಂಡು-ಹೆಣ್ಣು ಒಟ್ಟಿಗೇ ಇವೆ. ಎಳೆತನದಲ್ಲಿ ಕೂಡಿ ಆಡಿದವರು, ಕಾಲೇಜಿನಲ್ಲಿ ಕೂಡಿ ದುಡಿಯುವವರು, ನಡುವಿನ ವರ್ಷಗಳಲ್ಲಿ ಮಾತ್ರ ಒಬ್ಬರಿಗೊಬ್ಬರು ಅಪಾಯ ಎಂಬ ಲೆಕ್ಕ ಎಲ್ಲಿಂದ ಬಂತು? ಹರೆಯದ ವರ್ಷಗಳು ಅವು, ಎಚ್ಚರ ಬೇಕು. ಎಚ್ಚರ ಎಂದರೆ ಬೇರೆ ಡೇರೆ, ಬೇರೆ ಸ್ನಾನದ ಜಾಗ, ಜೊತೆಗೊಬ್ಬ ಶಿಕ್ಷಕಿ ಅಥವಾ ತಾಯಿ. ಸದಸ್ಯತ್ವವನ್ನೇ ಕೊಡದಿರುವುದು ಎಚ್ಚರದ ಪಟ್ಟಿಗೆ ಸೇರುವುದಿಲ್ಲ. ಎಷ್ಟಾದರೂ ವರ್ಷಕ್ಕೆ ಕ್ಯಾಂಪು ಎಷ್ಟು ರಾತ್ರಿ? ಉಳಿದ ಚಟುವಟಿಕೆ ಎಲ್ಲವೂ ಹಗಲಿನದು, ಶಾಲೆಯ ಅಂಗಳದ್ದು. ಹೆಚ್ಚೆಂದರೆ ನೀರಸಾಗರ ಜಲಾಶಯದ ದಂಡೆಯ ತನಕ ಒಂದು ಹೈಕು.

ಸುರಕ್ಷತೆಯ ಮಾತು ಬಂದಿರುವುದರಿಂದ ಇದನ್ನೂ ಹೇಳಬೇಕು. ಟ್ರೂಪುಗಳನ್ನು ನೂರು ವರ್ಷ ಬರೀ ಗಂಡುಹುಡುಗರಿಗೇ ಇಟ್ಟಿದ್ದ ಅಮೆರಿಕದ ಆ ಬಾಯ್ ಸ್ಕೌಟ್ಸ್ ಸಂಸ್ಥೆ 2020ರಲ್ಲಿ ದಿವಾಳಿ ಅರ್ಜಿ ಹಾಕಿತು. ಚಿಕ್ಕವರಿದ್ದಾಗ ಲೈಂಗಿಕ ದೌರ್ಜನ್ಯಕ್ಕೆ ಒಳಗಾದೆವು ಎಂದು 82,000ಕ್ಕೂ ಹೆಚ್ಚು ಮಂದಿ ಮುಂದೆ ಬಂದರು, ಪರಿಹಾರದ ಮೊತ್ತ 246 ಕೋಟಿ ಡಾಲರ್ ಆಯಿತು. ಆ ಟ್ರೂಪುಗಳಲ್ಲಿ ಹುಡುಗಿಯರೇ ಇರಲಿಲ್ಲ. ಮಕ್ಕಳಿಗೆ ಅಪಾಯ ಬಂದದ್ದು ನಂಬಿ ಒಪ್ಪಿಸಿದ್ದ ದೊಡ್ಡವರಿಂದ. ನಮ್ಮ 2012ರ ಪೋಕ್ಸೊ ಕಾಯ್ದೆಯೂ ಮಗು ಎಂದರೆ ಗಂಡು-ಹೆಣ್ಣು ಭೇದ ಮಾಡುವುದಿಲ್ಲ. ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಒಂಟಿಯಾಗಿ ಇರಕೂಡದು ಎಂಬ ನಿಯಮ ಗಂಡುಹುಡುಗರ ಟ್ರೂಪಿಗೂ ಬೇಕು. ಹುಡುಗಿಯರು ಬಂದರೆ ಆ ನಿಯಮ ಪಾಲಿಸಲೇಬೇಕಾಗುತ್ತದೆ ಎಂಬುದೇ ಕೆಲವರ ತಲೆನೋವೋ ಏನೋ.

ಇನ್ನೊಂದು ವಾದ ಗಂಡುಮಕ್ಕಳ ಗುಣಕ್ಕೆ ಹೊಂದಿದ ಚಟುವಟಿಕೆ ಎನ್ನುವುದು. ಬಯಲಲ್ಲಿ ಬೆಂಕಿ ಹೊತ್ತಿಸುವುದು, ಹಗ್ಗದ ಗಂಟು, ಬಯಲಡುಗೆ, ಪ್ರಥಮ ಚಿಕಿತ್ಸೆ. ಕಲಘಟಗಿ ತಾಲೂಕಿನ ಹನ್ನೆರಡರ ಹುಡುಗಿ ಮುಂಜಾನೆ ಒಲೆ ಹಚ್ಚಿ, ಆಕಳು ಕಟ್ಟಿ, ತಮ್ಮನ ಮೊಣಕಾಲಿನ ಗಾಯಕ್ಕೆ ಅರಿಸಿನ ಒತ್ತಿ ಸಾಲಿಗೆ ಬರುತ್ತಾಳೆ. ಅಲ್ಲಿ ಅವಳ ಅಣ್ಣನಿಗೆ ಇದೇ ಕೆಲಸಗಳಿಗೆ ಬ್ಯಾಜು!

ಗುಣದ ಮಾತು ಈ ಚಳವಳಿಯ ಹುಟ್ಟಿನಿಂದಲೂ ಇದೆ. 1909ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೇಳಕ್ಕೆ ಕೆಲವು ಹುಡುಗಿಯರು ತಾವೂ ಸ್ಕೌಟುಗಳೇ ಎಂದು ಬಂದು ನಿಂತರು. ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಆ ಹುಡುಗಿಯರನ್ನು ತಂಗಿ ಆಗ್ನೆಸ್ ಕೈಗೆ ಒಪ್ಪಿಸಿದ, ಮರುವರ್ಷ ಗೈಡ್ಸ್ ಬೇರೆಯಾಗಿ ಹುಟ್ಟಿತು. ಅದೇ 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಬೇಕರ್ ಭಾರತದ ಮೊದಲ ಟ್ರೂಪ್ ಕಟ್ಟಿದ. ಅದು ಯುರೋಪಿಯನ್, ಆಂಗ್ಲೋ-ಇಂಡಿಯನ್ ಹುಡುಗರಿಗಾಗಿ. ಭಾರತೀಯ ಹುಡುಗರಿಗೆ ಪ್ರವೇಶ ಇರಲಿಲ್ಲ. 1916ರಲ್ಲಿ ಆನಿ ಬೆಸಂಟ್ ಮತ್ತು ಅರುಂಡೇಲ್ ಮದರಾಸಿನಲ್ಲಿ ನಮ್ಮ ಹುಡುಗರಿಗಾಗಿಯೇ ಸಂಸ್ಥೆ ಕಟ್ಟಬೇಕಾಯಿತು. ಇಂದು ಸ್ಕಾರ್ಫ್ ಕಟ್ಟಿ ನಿಲ್ಲುವ ನಮ್ಮ ಪ್ರತಿಯೊಬ್ಬ ಹುಡುಗನ ಮುತ್ತಜ್ಜಂದಿರ ಕಾಲದವರು ಒಮ್ಮೆ ಕಟ್ಟೆಯ ಮೇಲೆ ಕೂತು ನೋಡಿದವರೇ.

ಒಂದು ಆಕ್ಷೇಪ ಮಾತ್ರ ನಿಜವಾಗಿ ತೂಕದ್ದು, ಮತ್ತು ಅದು ಹೆಂಗಸರಿಂದಲೇ ಬರುತ್ತದೆ. ಹುಡುಗರ ಜೊತೆ ಸೇರಿಸಿದರೆ ನಾಯಕತ್ವ ಹುಡುಗರ ಪಾಲಾಗುತ್ತದೆ, ಹುಡುಗಿಯರಿಗೆ ಚಹಾ ಹಂಚುವ, ರಂಗೋಲಿ ಹಾಕುವ ಕೆಲಸ ಉಳಿಯುತ್ತದೆ. ತಮ್ಮದೇ ಕಂಪನಿಯಲ್ಲಾದರೆ ಸೀಟಿ ಊದುವವಳೂ ಹುಡುಗಿ, ಧ್ವಜ ಏರಿಸುವವಳೂ ಹುಡುಗಿ. ಅಮೆರಿಕದಲ್ಲಿ ಬಾಯ್ ಸ್ಕೌಟ್ಸ್ ಮೇಲೆ 2018ರಲ್ಲಿ ಕೋರ್ಟಿಗೆ ಹೋದದ್ದೂ ಗರ್ಲ್ ಸ್ಕೌಟ್ಸ್ ಸಂಸ್ಥೆಯೇ. ಹೆಸರಿನ ಹಕ್ಕಿನ ಆ ಮೊಕದ್ದಮೆಯಲ್ಲಿ ಅವರು ಗೆಲ್ಲಲಿಲ್ಲ, ಆದರೆ ಅವರ ಅಂಜಿಕೆಯಲ್ಲಿ ಹುರುಳಿತ್ತು.

ಈ ವಾದಕ್ಕೆ ನಮ್ಮ ಹುಬ್ಬಳ್ಳಿಯಲ್ಲೇ ಉದಾಹರಣೆ ಇದೆ. ಡಾ. ನಾ.ಸು. ಹರ್ಡೀಕರ್ ಅಮೆರಿಕದಲ್ಲಿ ಓದಿ ಬಂದು ಹುಬ್ಬಳ್ಳಿಯಲ್ಲಿ ಯುವಕರ ಸೇವಾ ಮಂಡಳ ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಈ ಹುಡುಗರು ಜೈಲಿನಲ್ಲಿ ಕ್ಷಮೆ ಬರೆದುಕೊಡಲಿಲ್ಲ, ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ಕಾಂಗ್ರೆಸ್ ಸ್ವಯಂಸೇವಕರ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಸಮವಸ್ತ್ರ, ಡ್ರಿಲ್ಲು, ಶಿಬಿರ, ಎಲ್ಲ ಗಂಡಸರ ಲೋಕ. ಮುಂದಿನ ವರ್ಷ ಬೆಳಗಾವಿ ಕಾಂಗ್ರೆಸ್ ಅಧಿವೇಶನ. ಸ್ವಯಂಸೇವಕಿಯರು ಬೇಕೆಂದು ಹರ್ಡೀಕರ್ ಕೇಳಿಕೊಂಡದ್ದು ಉಮಾಬಾಯಿ ಕುಂದಾಪುರ ಅವರನ್ನು. ಹಿಂದಿನ ವರ್ಷವಷ್ಟೇ ಪತಿಯನ್ನು ಕಳೆದುಕೊಂಡಿದ್ದ ಉಮಾಬಾಯಿ ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಹೆಂಗಸರನ್ನು ಕೂಡಿಸಿದರು. 1924ರಲ್ಲಿ, ವಿಧವೆ ಹೊಸ್ತಿಲು ದಾಟುವುದೇ ಮಾತಿಗೆ ಕಾರಣವಾಗುತ್ತಿದ್ದ ಕಾಲದಲ್ಲಿ! ಸೇವಾದಳದ ಮಹಿಳಾ ವಿಭಾಗದ ನಾಯಕತ್ವ ಅವರದಾಯಿತು. ಹೆಂಗಸರ ವಿಭಾಗ ಬೇರೆ ಇದ್ದುದರಿಂದಲೇ ಉಮಾಬಾಯಿ ನಾಯಕಿಯಾದರು ಎಂದು ವಾದಿಸಬಹುದು, ನಾನು ಒಪ್ಪುತ್ತೇನೆ. ಆದರೆ ಹರ್ಡೀಕರ್, ಮೊದಲು ತರಬೇತಾದ ಮಹಿಳಾ ಕ್ಯಾಪ್ಟನ್ ಒಬ್ಬರು ಸಿಗಲಿ, ಆಮೇಲೆ ಹೆಂಗಸರನ್ನು ಕರೆಯೋಣ ಎಂದು ಕೂರಲಿಲ್ಲ. ಹೆಂಗಸರನ್ನು ಒಳಗೆ ಕರೆದರು, ನಾಯಕಿಯರು ಒಳಗಿನಿಂದ ಬೆಳೆದರು. ನಮ್ಮ ಶಾಲೆಗಳಲ್ಲಿ ಈ ಕ್ರಮ ತಿರುಗುಮುರುಗಾಗಿದೆ.

ಬೇರೆ ಇಟ್ಟು ಚೆನ್ನಾಗಿ ಕಲಿಸಿದರೆ ಸಾಕು ಎನ್ನುವವರು ಕಿತ್ತೂರಿನ ಕಡೆಗೂ ನೋಡಬೇಕು. ಧಾರವಾಡದಿಂದ ಬೆಳಗಾವಿ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಹುಡುಗಿಯರಿಗೆಂದೇ 1969ರಲ್ಲಿ ಶುರುವಾದ ಚನ್ನಮ್ಮನ ಹೆಸರಿನ ಸೈನಿಕ ಶಾಲೆ. ಶಿಸ್ತಿಗೆ, ಕವಾಯತಿಗೆ ಹೆಸರಾದದ್ದು. 1963ರ ವಿಜಯಪುರದ ಸೈನಿಕ ಶಾಲೆಯ ಹುಡುಗ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆ ಬರೆದು ಪುಣೆಯ ಖಡಕ್‌ವಾಸ್ಲಾಕ್ಕೆ ಹೋಗುತ್ತಿದ್ದ. ಕಿತ್ತೂರಿನ ಹುಡುಗಿ ಅರ್ಧ ಶತಮಾನ ಕವಾಯತು ಮಾಡಿದರೂ ಆ ಪರೀಕ್ಷೆಗೆ ಕೂರುವಂತಿರಲಿಲ್ಲ. ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದ ಮೇಲೆ ಎನ್‌ಡಿಎ ಪರೀಕ್ಷೆ ಹೆಣ್ಣುಮಕ್ಕಳಿಗೆ ತೆರೆಯಿತು, ಅದೇ ವರ್ಷದಿಂದ ದೇಶದ ಎಲ್ಲ ಸೈನಿಕ ಶಾಲೆಗಳಲ್ಲಿ ಹುಡುಗಿಯರಿಗೆ ಪ್ರವೇಶ ಸಿಕ್ಕಿತು. 2025ರ ಮೇ 30ರಂದು ಎನ್‌ಡಿಎಯ ಮೊದಲ ಮಹಿಳಾ ತಂಡದ 17 ಮಂದಿ ಹುಡುಗರ ಜೊತೆಗೇ ಹೆಜ್ಜೆ ಹಾಕಿ ಹೊರಬಂದರು. ಕಿತ್ತೂರಿನ ಶಾಲೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಬೇರೆ ಇರುವುದು ಎಷ್ಟೇ ಚೆನ್ನಾಗಿದ್ದರೂ ಅದರ ಮುಂದಿನ ದಾರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬೇರೆಯವರು ನಿರ್ಧರಿಸುತ್ತಾರೆ.

ನಾಯಕತ್ವದ ಅಂಜಿಕೆಗೆ ಸ್ಕೌಟಿಂಗಿನ ಒಳಗೇ ಉಪಾಯವಿದೆ. ಆರರಿಂದ ಎಂಟು ಮಕ್ಕಳ ಪೆಟ್ರೋಲ್ ಎಂಬ ತಂಡವೇ ಅದರ ಜೀವಾಳ. ಒಂದೇ ಟ್ರೂಪಿನಲ್ಲಿ ಎರಡು ಪೆಟ್ರೋಲ್ ಹುಡುಗಿಯರದು, ಎರಡು ಹುಡುಗರದು ಇರಲಿ. ಹುಡುಗಿಯರ ಪೆಟ್ರೋಲಿಗೆ ಹುಡುಗಿಯೇ ಲೀಡರ್. ಕೋರ್ಟ್ ಆಫ್ ಆನರ್‌ನಲ್ಲಿ, ಅಂದರೆ ಲೀಡರುಗಳು ಕೂತು ಟ್ರೂಪಿನ ಕಾರ್ಯಕ್ರಮ ನಿಶ್ಚಯಿಸುವಲ್ಲಿ, ಅವಳ ಮಾತು ಹುಡುಗನ ಮಾತಿನಷ್ಟೇ ನಡೆಯುತ್ತದೆ. ಚಹಾ ಹಂಚುವ ಪಾಳಿ ಎಲ್ಲ ಪೆಟ್ರೋಲುಗಳಿಗೂ ಬರುತ್ತದೆ. ಬ್ರಿಟನ್ನಿನಲ್ಲಿ 1991ರಿಂದ ಎಲ್ಲ ವಯೋಮಾನದ ಗುಂಪುಗಳಿಗೂ ಹುಡುಗಿಯರನ್ನು ಸೇರಿಸಿಕೊಳ್ಳುವ ಅವಕಾಶವಾಯಿತು, 2007ರಿಂದ ಅದು ಕಡ್ಡಾಯ. ಅಲ್ಲಿ ಗೈಡ್ಸ್ ಸಂಸ್ಥೆ ಮುಚ್ಚಿಹೋಗಿಲ್ಲ, ಹುಡುಗಿಯರಿಗೆಂದೇ ಇನ್ನೂ ನಡೆಯುತ್ತಿದೆ. ಹುಡುಗಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬರುತ್ತದೆ. ನಮ್ಮವಳಿಗೆ ಒಂದಾದರೂ ಸಿಗಲಿ.

ಸ್ಕೌಟ್ಸ್ ಅಂಡ್ ಗೈಡ್ಸ್‌ನ ರಾಜ್ಯ ಸಂಸ್ಥೆ ನನ್ನ ಬೇಡಿಕೆಗಾಗಿ ದುಡ್ಡು ಹೊಂದಿಸಬೇಕಾಗಿಲ್ಲ. ಗೈಡ್ ಕಂಪನಿ ಇಲ್ಲದ ಶಾಲೆಯ ಸ್ಕೌಟ್ ಮಾಸ್ಟರ್ ಹುಡುಗಿಯರನ್ನೂ ನೋಂದಾಯಿಸಬಹುದು, ಅವರು ಗಳಿಸಿದ ಸೋಪಾನಗಳು ಗೈಡ್ ವಿಭಾಗದಲ್ಲೂ ಊರ್ಜಿತ ಎಂಬ ಒಂದು ಸುತ್ತೋಲೆ ಸಾಕು. ಕ್ಯಾಂಪಿಗೆ, ಹೈಕಿಗೆ ಒಬ್ಬ ಮಹಿಳೆ ಜೊತೆಗಿರಲೇಬೇಕು ಎಂದೂ ಅದರಲ್ಲೇ ಬರೆಯಲಿ. ಅಂಗನವಾಡಿ ಕಾರ್ಯಕರ್ತೆಯೋ ಎಸ್‌ಡಿಎಂಸಿ ಸದಸ್ಯೆಯೋ ಊರಲ್ಲಿ ಸಿಗದವರಲ್ಲ. ಶಿಕ್ಷಕಿಯರ ಬೇಸಿಕ್ ಕೋರ್ಸನ್ನು ಒಂದೇ ಉಸಿರಿಗೆ ಏಳು ದಿನ ಮಾಡುವ ಬದಲು ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಶನಿವಾರ, ಭಾನುವಾರಗಳಿಗೆ ಹಂಚಿದರೆ ಸಂಜೆ ಬಸ್ಸಿಗೆ ಅವರು ಮನೆ ಮುಟ್ಟುತ್ತಾರೆ. ಹಾಗೆ ತರಬೇತಾದವರು ನಾಳೆ ಕಂಪನಿ ಕಟ್ಟಿದರೆ ಹುಡುಗಿಯರ ಪೆಟ್ರೋಲುಗಳು ಅತ್ತ ಹೋಗಲಿ, ಟ್ರೂಪಿನಲ್ಲೇ ಇರುತ್ತೇವೆ ಎಂದರೆ ಇರಲಿ. ಅದನ್ನು ಕೋರ್ಟ್ ಆಫ್ ಆನರ್‌ನಲ್ಲಿ ಅವರವರೇ ತೀರ್ಮಾನಿಸಿಕೊಳ್ಳುತ್ತಾರೆ.